ರಿಸ್ಟೋರ್, ರೀಸೆಟ್: ಎರಡಕ್ಕೂ ‘ಮರು’ ಸಾಕೇ?

ಎಲ್ಲರಿಗೂ ನಮಸ್ಕಾರ.

ಊರಲ್ಲಿರುವ ಅಪ್ಪನಿಗೆಂದು ಮನೆಯ ವೈಫೈ ರೂಟರ್ ಬಗ್ಗೆ ಕನ್ನಡದಲ್ಲಿ ಒಂದು ಚೀಟಿ ಬರೆದಿಟ್ಟಿದ್ದೆ. ಬ್ಯಾಕಪ್ ಫೈಲಿನಿಂದ ಸೆಟ್ಟಿಂಗ್ ವಾಪಸ್ ತರುವುದಕ್ಕೆ (ರಿಸ್ಟೋರ್) ‘ಮರುಸ್ಥಾಪಿಸಿ’, ಹೊಸದಾಗಿ ತಂದಾಗಿನ ಸ್ಥಿತಿಗೆ ಒಯ್ಯುವುದಕ್ಕೆ (ರೀಸೆಟ್) ‘ಮರುಹೊಂದಿಸಿ’. ಫೋನುಗಳ ಕನ್ನಡದಲ್ಲಿ ಕಾಣುವ ಪದಗಳೇ ಇವು. ಕಳೆದ ವಾರ ನೆಟ್ ಕೈಕೊಟ್ಟಾಗ ಅಪ್ಪ ಎರಡನೆಯದನ್ನು ಒತ್ತಿಬಿಟ್ಟರು. ವೈಫೈ ಹೆಸರು, ಪಾಸ್‌ವರ್ಡ್, ಇಂಟರ್ನೆಟ್ ಲಾಗಿನ್ ಎಲ್ಲ ಹೋಯಿತು. “ಹೊಂದಿಸಿ ಅಂತ ಬರೆದಿದ್ಯಲ್ಲೋ, ಸೆಟ್ಟಿಂಗ್ ಸರಿಹೊಂದಿಸೋದು ಅಂದ್ಕೊಂಡೆ” ಎಂದರು. ಅವರದ್ದೇನೂ ತಪ್ಪಿಲ್ಲ. ಹೊಂದಿಸು ಎಂದರೆ ಜೋಡಿಸು, ಅಣಿಮಾಡು. ಇದ್ದುದೆಲ್ಲ ಅಳಿಸಿಹೋಗುತ್ತದೆ ಎಂಬ ಸುಳಿವು ಆ ಪದದಲ್ಲಿ ಎಲ್ಲಿದೆ?

ಇಂಗ್ಲಿಷಿನಲ್ಲೂ ಇದು ಕಲಸಿಹೋಗಿದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಸಾಫ್ಟ್‌ವೇರ್ ಇರುವ ರೂಟರುಗಳ ಸೆಟ್ಟಿಂಗ್ ಪುಟದಲ್ಲಿ ‘ರಿಸ್ಟೋರ್’ ಎಂಬ ಒಂದೇ ತಲೆಬರಹದ ಕೆಳಗೆ ಎರಡು ಗುಂಡಿಗಳು: ಒಂದು ಎಲ್ಲ ಅಳಿಸುವುದು, ಇನ್ನೊಂದು ಬ್ಯಾಕಪ್ ಏರಿಸುವುದು. ಎರಡೂ ‘ಮೊದಲಿನ ಸ್ಥಿತಿ’ಯೇ. ಒಂದು ಕಾರ್ಖಾನೆಯಿಂದ ಹೊರಬಂದಾಗಿನ ಮೊದಲು, ಇನ್ನೊಂದು ನಾವು ಉಳಿಸಿಟ್ಟ ದಿನದ ಮೊದಲು. ಹಾಗಾಗಿ ‘ಪೂರ್ವಸ್ಥಿತಿಗೆ ತರು’ ಎಂದರೂ ಬಿಡಿಸಿದಂತಾಗುವುದಿಲ್ಲ. ‘ಯಥಾಸ್ಥಿತಿ’ಯಂತೂ ಕೋರ್ಟಿನ ಆದೇಶಗಳಲ್ಲಿ ‘ಈಗಿದ್ದಂತೆಯೇ ಇರಲಿ’ ಎಂಬರ್ಥದಲ್ಲಿ ನೆಲೆನಿಂತಿದೆ.

‘ಮರು’ ಬಗ್ಗೆಯೂ ನನಗೆ ತಕರಾರಿದೆ. ಮರುಮದುವೆ, ಮರುಮುದ್ರಣಗಳಲ್ಲಿ ಅದು ‘ಇನ್ನೊಮ್ಮೆ’, ಮರುದಿನದಲ್ಲಿ ‘ಮುಂದಿನ’, ಮರುಮಾತಿನಲ್ಲಿ ‘ಉತ್ತರವಾಗಿ’. ಸಾಫ್ಟ್‌ವೇರ್ ಹಾಕುವುದನ್ನು ‘ಸ್ಥಾಪಿಸು’ ಎಂದ ಮೇಲೆ ‘ಮರುಸ್ಥಾಪಿಸು’ ಕಿವಿಗೆ ಮೊದಲು ‘ಇನ್ನೊಮ್ಮೆ ಹಾಕು’ ಎಂದೇ ಕೇಳುತ್ತದೆ.

‘ಮರಳಿಸು’ ಎಂದರೆ? ಹಿಂದಿದ್ದಲ್ಲಿಗೆ ಬರುವ ಅರ್ಥ ಅದರಲ್ಲಿ ಚೆನ್ನಾಗಿದೆ. ಆದರೆ ಸಾಲ, ಪುಸ್ತಕ ಮರಳಿಸುವಾಗ ವಸ್ತು ನಮ್ಮ ಕೈಬಿಟ್ಟು ಹೋಗುತ್ತದೆ. (ಎಸರು ಮರಳುವುದು, ಅಂದರೆ ಕುದಿಯುವುದು, ಬೇರೆಯೇ ಕಥೆ.) ನನಗೆ ಸದ್ಯಕ್ಕೆ ಹಿಡಿಸಿರುವುದು ‘ಮರಳಿ ತುಂಬು’. ಆ ಓಪನ್‌ಡಬ್ಲ್ಯುಆರ್‌ಟಿ ರೂಟರಿನ ಬ್ಯಾಕಪ್ ಎಂದರೆ ಒಂದಷ್ಟು ಸೆಟ್ಟಿಂಗ್ ಫೈಲುಗಳ ಗಂಟು. ರಿಸ್ಟೋರ್ ಮಾಡಿದಾಗ ಗಂಟು ಬಿಚ್ಚಿ ಅವನ್ನು ಇದ್ದ ಜಾಗಕ್ಕೆ ತುಂಬಿ, ರೂಟರ್ ಒಮ್ಮೆ ಆರಿ ಹತ್ತಿಕೊಳ್ಳುತ್ತದೆ. ರೀಸೆಟ್‌ಗೆ ‘ಎಲ್ಲ ಅಳಿಸಿ ಹೊಸದರಂತೆ ಮಾಡು’ ಎಂದು ಉದ್ದಕ್ಕೇ ಬರೆಯೋಣ ಅನಿಸುತ್ತದೆ. ಗುಂಡಿಯ ಮೇಲೆ ಹಿಡಿಸದಿದ್ದರೂ ಒತ್ತುವವರಿಗೆ ಏನಾಗಲಿದೆ ಎಂಬುದು ಗೊತ್ತಿರಬೇಕು.

ರಿಸ್ಟೋರ್‌ಗೆ ಆಡುಮಾತಿನಲ್ಲೇ ಪದ ಸಿಗಬಹುದೇನೋ ಎಂದು ನನ್ನ ಪ್ರಶ್ನೆ ಇದು: ಪಂಪ್‌ಸೆಟ್ಟೋ ಹೊಲಿಗೆ ಮಷೀನೋ ಬಿಚ್ಚಿ, ಮೊದಲು ಹೇಗಿತ್ತೋ ಹಾಗೆಯೇ ಮತ್ತೆ ಕೂಡಿಸುವುದಕ್ಕೆ ನಿಮ್ಮ ಕಡೆ ರಿಪೇರಿಯವರು ಏನನ್ನುತ್ತಾರೆ? ಒಂದೇ ಕ್ರಿಯಾಪದ ಇದ್ದರೆ ಅದು ಬಳಕೆಯಾಗುವ ವಾಕ್ಯದ ಸಮೇತ ತಿಳಿಸಿ. ಅಪ್ಪನ ಚೀಟಿಯನ್ನು ಈ ವಾರ ತಿದ್ದಿ ಕಳಿಸಬೇಕು.