ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ: ಕೇಳಿಸಿದ್ದು ಸರಿ, ಬರೆದಿದ್ದು ತಪ್ಪು. ಸ್ಪೆಲಿಂಗ್‌ಗೆ ಏನು ಮಾಡಲಿ?

ಪ್ರಶ್ನೆ:
ಪರೀಕ್ಷೆಗೆ ಇನ್ನು ಆರು ವಾರ ಇದೆ. ನಿನ್ನೆ ಲಿಸನಿಂಗ್ ಪ್ರಾಕ್ಟೀಸ್ ಟೆಸ್ಟ್ ಮಾಡಿದೆ, 40ಕ್ಕೆ 27 ಬಂತು. ತಪ್ಪಾದ 13ರಲ್ಲಿ ಆರು ಬರೀ ಸ್ಪೆಲಿಂಗ್ ತಪ್ಪು. ಪದ ಸರಿಯಾಗೇ ಕೇಳಿಸಿತ್ತು. ಆದರೆ ಅಕಾಮಡೇಶನ್‌ಗೆ ಒಂದೇ ಎಂ ಹಾಕಿದ್ದೆ, ವೆನ್ಸ್‌ಡೇಯಲ್ಲಿ ಡಿ ಬಿಟ್ಟಿದ್ದೆ. ನನಗೆ 7 ಬ್ಯಾಂಡ್ (9ರ ಅಳತೆಯಲ್ಲಿ 7) ಬೇಕೇ ಬೇಕು. ದಿನಾ ಐವತ್ತು ಪದ ಬಾಯಿಪಾಠ ಮಾಡ್ತೀನಿ, ಎರಡೇ ದಿನಕ್ಕೆ ಮರೆತುಹೋಗುತ್ತೆ. ಬೇರೆ ದಾರಿ ಇದೆಯಾ? ಅಮೆರಿಕನ್ ಸ್ಪೆಲಿಂಗ್ ಬರೆದರೆ ಮಾರ್ಕ್ಸ್ ಹೋಗುತ್ತಾ?

ಉತ್ತರ 1:
ಹೋಗಲ್ಲ. ಬ್ರಿಟಿಷ್, ಅಮೆರಿಕನ್ ಎರಡೂ ನಡೆಯುತ್ತೆ. ರೈಟಿಂಗ್‌ನಲ್ಲಿ ಮಾತ್ರ ಯಾವುದಾದರೂ ಒಂದನ್ನೇ ಕೊನೆತನಕ ಬಳಸಿ. ಲಿಸನಿಂಗ್‌ನಲ್ಲಿ ಸುಮಾರು 30 ಸರಿಯಾದರೆ 7 ಬರುತ್ತೆ. ನಿಮ್ಮ ಆರು ಸ್ಪೆಲಿಂಗ್ ಸರಿ ಇದ್ದಿದ್ದರೆ 33 ಆಗ್ತಿತ್ತು, ಅಂದರೆ ನೀವು ದೂರ ಇಲ್ಲ. ಪೇಪರ್ ಪರೀಕ್ಷೆಯಲ್ಲಿ ಬರೆದುಕೊಂಡ ಉತ್ತರಗಳನ್ನು ಉತ್ತರ ಪತ್ರಿಕೆಗೆ ಇಳಿಸಲು ಕೊನೆಗೆ 10 ನಿಮಿಷ ಸಿಗುತ್ತೆ. ಕಂಪ್ಯೂಟರ್‌ನಲ್ಲಿ ನೋಡಿಕೊಳ್ಳಲು 2 ನಿಮಿಷ ಅಷ್ಟೇ. ಅಲ್ಲಿ ಸ್ಪೆಲ್‌ಚೆಕ್ ಕೂಡ ಇರಲ್ಲ.

ಉತ್ತರ 2:
ನಾನು ಎರಡು ಸಲ ಬರೆದವಳು. ಮೊದಲ ಸಲ ನಿಮ್ಮ ಹಾಗೇ ಆಗಿತ್ತು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ನಮ್ಮ ಕಿವಿ ಕನ್ನಡದ್ದು. ಹಳಿ ಬೇರೆ, ಹಳ್ಳಿ ಬೇರೆ. ಒತ್ತು ಇದ್ದರೆ ನಮಗೆ ಕೇಳಿಸಲೇಬೇಕು, ಕೇಳಿಸಿದರೆ ಬರೀತೀವಿ. ಇಂಗ್ಲಿಷ್‌ನ ಜೋಡಿ ಅಕ್ಷರ ಹಾಗೆ ಕೇಳಿಸಲ್ಲ. ಎಷ್ಟೋ ಸಲ ಅದು ಹಿಂದಿನ ಸ್ವರ ಹ್ರಸ್ವ ಅನ್ನೋದರ ಗುರುತು. ಹೋಪಿಂಗ್‌ಗೆ ಒಂದು ಪಿ, ಕುಪ್ಪಳಿಸುವ ಹಾಪಿಂಗ್‌ಗೆ ಎರಡು. ಡೈನರ್‌ಗೆ ಒಂದು ಎನ್, ಡಿನ್ನರ್‌ಗೆ ಎರಡು. ಇದು ಗೊತ್ತಾದ ದಿನ ನನ್ನ ಅರ್ಧ ಭಯ ಹೋಯಿತು. ಎಲ್ಲ ಪದಕ್ಕೂ ಇದು ಒಗ್ಗಲ್ಲ, ಅಕಾಮಡೇಶನ್‌ನ ಎರಡು ಸಿ, ಎರಡು ಎಂ ನೆನಪಿಟ್ಟುಕೊಳ್ಳಲೇಬೇಕು.

ಕೇಳಿಸದ ಅಕ್ಷರ ಇದ್ದರೆ ಆ ಪದದ ನೆಂಟರನ್ನು ಹುಡುಕಿ. ಸೈನ್‌ನಲ್ಲಿ ಜಿ ಕೇಳಿಸಲ್ಲ, ಸಿಗ್ನೇಚರ್‌ನಲ್ಲಿ ಕೇಳಿಸುತ್ತೆ. ಡೆಫಿನಿಟ್ ಒಳಗೆ ಫೈನೈಟ್ ಇದೆ, ಹಾಗಾಗಿ ಅಲ್ಲಿ ಎ ಬರಲ್ಲ, ಐ ಬರುತ್ತೆ. ಗವರ್ನ್‌ಗೆ ಮೆಂಟ್ ಸೇರಿಸಿ, ಎನ್ ತಾನಾಗಿ ಬರುತ್ತೆ. ನೆಂಟರು ಸಿಗದಿದ್ದರೆ ಬರೆದ ಹಾಗೇ ಓದಿ: ವೆಡ್-ನೆಸ್-ಡೇ, ಫೆಬ್-ರು-ಅರಿ. ಇದು ಬರೆಯುವಾಗ ಮನಸ್ಸಿನಲ್ಲಿ ಮಾತ್ರ. ಸ್ಪೀಕಿಂಗ್‌ಗೆ ಈ ಉಚ್ಚಾರಣೆ ಬೇಡ.

ಐವತ್ತು ಪದ ನಿಲ್ಲಿಸಿ. ನೀವೇ ತಪ್ಪು ಮಾಡಿದ ಪದಗಳನ್ನಷ್ಟೇ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ, ದಿನಕ್ಕೆ ಎಂಟು ಹತ್ತು ಸಾಕು. ನನ್ನ ನೋಟ್‌ಬುಕ್‌ನಲ್ಲಿ ಸೆಪರೇಟ್ ಒಂಬತ್ತು ಸಲ ಇದೆ. ಪಿ ಆದ ಮೇಲಿನ ಎ ಮಾತ್ರ ಕೆಂಪು ಪೆನ್ನಿನಲ್ಲಿ ಬರೆದಿದ್ದೆ, ಏಕೆಂದರೆ ನಾನು ಎಡವುತ್ತಿದ್ದದ್ದು ಆ ಒಂದೇ ಜಾಗದಲ್ಲಿ. ಪದ ನೋಡಿ, ಮುಚ್ಚಿ, ಬರೆದು, ತೆರೆದು ನೋಡಿ. ಮಾರನೇ ದಿನ ಮತ್ತೆ, ಮೂರು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ. ಸುಮ್ನೆ ಓದಿದರೆ ಕೈಗೆ ಬರಲ್ಲ. ಕಂಪ್ಯೂಟರ್ ಪರೀಕ್ಷೆ ಆದರೆ ಟೈಪ್ ಮಾಡಿಯೇ ಕಲಿಯಿರಿ.

ಪದದ ಕೊನೆಯ ಎಸ್ ಮೇಲೂ ಕಣ್ಣಿರಲಿ. ಉತ್ತರ ಬಹುವಚನದಲ್ಲಿದ್ದು ನೀವು ಎಸ್ ಬಿಟ್ಟರೆ ಅದೂ ತಪ್ಪೇ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಅಕ್ಕಾ. ಹಳಿ, ಹಳ್ಳಿ ಓದಿದ ತಕ್ಷಣ ನನ್ನ ಆರು ತಪ್ಪು ಮತ್ತೆ ತೆಗೆದು ನೋಡಿದೆ. ಮೂರರಲ್ಲಿ ಜೋಡಿ ಅಕ್ಷರವೇ ಬಿಟ್ಟುಹೋಗಿದೆ, ಒಂದರಲ್ಲಿ ಎಸ್. ರೈಟಿಂಗ್‌ನಲ್ಲೂ ಇಷ್ಟೇ ಕಟ್ಟುನಿಟ್ಟಾ?

ಉತ್ತರ 2:
ಅಲ್ಲಿ ಒಂದು ತಪ್ಪಿಗೆ ಒಂದು ಮಾರ್ಕ್ ಅಂತ ಕಳೆಯಲ್ಲ. ನಾಲ್ಕು ಅಂಶ ನೋಡ್ತಾರೆ, ಸ್ಪೆಲಿಂಗ್ ಪದಸಂಪತ್ತಿನ ಅಂಶದೊಳಗೆ ಬರುತ್ತೆ. ಹಾಗಂತ ಗೊತ್ತಿರುವ ಸಣ್ಣ ಪದಕ್ಕೇ ಅಂಟಿಕೊಳ್ಳಬೇಡಿ. ನಾನು 60 ನಿಮಿಷದಲ್ಲಿ ಕೊನೆಯ ಮೂರು ನಿಮಿಷ ಬರೀ ಸ್ಪೆಲಿಂಗ್‌ಗೆ ಇಡ್ತಿದ್ದೆ. ಕೊನೆಯ ವಾಕ್ಯದಿಂದ ಹಿಂದಕ್ಕೆ ಓದ್ತಾ ಬನ್ನಿ, ಆಗ ಪದ ಕಣ್ಣಿಗೆ ಬೀಳುತ್ತೆ.