ಸಹಾಯ ಬೇಕು: 1898ರ ಬೆಂಗಳೂರು ಪ್ಲೇಗ್ ಕಾಲದ ನರ್ಸ್‌ಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮೇ 12ರ ನರ್ಸ್‌ಗಳ ದಿನಕ್ಕೆ ಕಾಲೇಜಿನಲ್ಲಿ ಒಂದು ಚಿಕ್ಕ ಪ್ರದರ್ಶನ ಮಾಡುತ್ತಿದ್ದೇವೆ. ರಷ್ಯಾ ವಿರುದ್ಧ ಬ್ರಿಟನ್ ಮತ್ತು ಮಿತ್ರದೇಶಗಳು ಮಾಡಿದ ಕ್ರಿಮಿಯಾ ಯುದ್ಧದ ಭಾಗ ರೆಡಿ ಇದೆ. 1854ರಲ್ಲಿ ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 38 ನರ್ಸ್‌ಗಳ ಜೊತೆ ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಹೋದರು. ಅಲ್ಲಿ ಗಾಯಕ್ಕಿಂತ ಕಾಲರಾ, ಟೈಫಸ್, ಭೇದಿಯಿಂದ ಸತ್ತ ಸೈನಿಕರೇ ಜಾಸ್ತಿ. 1855ರಲ್ಲಿ ಚರಂಡಿ ತೊಳೆಸಿದ ಮೇಲೆ ಸಾವು ಇಳಿಯಿತು. ಅಂದಹಾಗೆ ರಾತ್ರಿ ರೋಗಿಗಳನ್ನು ನೋಡಲು ಹೋಗುವಾಗ ನೈಟಿಂಗೇಲ್ ಕೈಯಲ್ಲಿದ್ದದ್ದು ಚಿತ್ರಗಳಲ್ಲಿರುವ ಎಣ್ಣೆದೀಪ ಅಲ್ಲ, ಮಡಚಿಡುವ ಟರ್ಕಿ ಲಾಟೀನು!

ಕಷ್ಟ ಇರೋದು ನಮ್ಮೂರಿನ ಭಾಗದ್ದೇ. 1898ರ ಪ್ಲೇಗ್ ಅಂದರೆ ಆಮೇಲೆ ಬೆಳೆದ ಬಸವನಗುಡಿ, ಮಲ್ಲೇಶ್ವರ ಬಡಾವಣೆ, ಪ್ಲೇಗಮ್ಮನ ಗುಡಿ, ಎಲ್ಲದರ ಬಗ್ಗೆ ಮಾಹಿತಿ ಸಿಗುತ್ತದೆ. ರೋಗಿಗಳನ್ನು ನೋಡಿಕೊಂಡವರ ಬಗ್ಗೆ ಮಾತ್ರ ಏನೂ ಸಿಗುತ್ತಿಲ್ಲ. ಹಳೇ ಫೋಟೊ, ಪತ್ರ, ಮಿಷನ್ ಆಸ್ಪತ್ರೆ ವರದಿ ಯಾರ ಹತ್ತಿರವಾದರೂ ಇದೆಯಾ? ಯಾವ ಲೈಬ್ರರಿಯಲ್ಲಿ ಕೇಳಬೇಕು ಅಂತ ಹೇಳಿದರೂ ಸಾಕು.