ಪಕ್ಕದ ಮನೆ ಅಜ್ಜಿ ನನ್ನನ್ನು ‘ಬಾರ್ಬರಾ’ ಅಂದದ್ದು ಯಾಕೆ?

ಹಿತ್ತಲಗಿಡ:
ನಾವು ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಎರಡು ವರ್ಷ ಆಯಿತು. ಈ ಸಲ ಹಿತ್ತಲಿನ ಹುಲ್ಲನ್ನು ಅರ್ಧ ಅಗೆದು ಮೆಂತ್ಯ, ಹರಿವೆ, ಆಲೂಗಡ್ಡೆ ಹಾಕಿದ್ದೇನೆ. ಮೊನ್ನೆ ಪಕ್ಕದ ಮನೆ ಅಜ್ಜಿ ಬೇಲಿ ಮೇಲಿಂದ ಇಣುಕಿ, ‘ನಮ್ಮ ಬೀದಿಗೂ ಒಬ್ಬಳು ಬಾರ್ಬರಾ ಬಂದಳು’ ಅಂದು ನಕ್ಕರು. ಹೊಗಳಿದರೋ ಆಡಿಕೊಂಡರೋ ಗೊತ್ತಾಗಲಿಲ್ಲ. ಸುಮ್ನೆ ಹಲ್ಲು ಬಿಟ್ಟೆ. ಆಮೇಲೆ ಫೆಲಿಸಿಟಿ ಕೆಂಡಲ್ ಅನ್ನೋ ನಟಿಯ ಹೆಸರು ಹೇಳಿ, ಅವಳು ನಿಮ್ಮ ಇಂಡಿಯಾದಲ್ಲೇ ಬೆಳೆದವಳು ಅಂದರು. ಯಾರಿವರು? ನೋಡುವುದಾದರೆ ಎಲ್ಲಿಂದ ಶುರು ಮಾಡಲಿ?

ಹಳೇರೇಡಿಯೋ:
ಶಶಿ ಕಪೂರ್ ನಾದಿನಿ. ಜೆನಿಫರ್ ಕೆಂಡಲ್ ಅವರ ತಂಗಿ. 1965ರಲ್ಲಿ ಬಂದ ‘ಶೇಕ್ಸ್‌ಪಿಯರ್ ವಾಲಾ’ ಚಿತ್ರದಲ್ಲಿ ಭಾವನಿಗೇ ನಾಯಕಿ! ನಿಮ್ಮ ಅಜ್ಜಿ ಹೇಳಿದ ಬಾರ್ಬರಾ, ‘ದ ಗುಡ್ ಲೈಫ್’ ಅನ್ನೋ ಟೀವಿ ಸೀರಿಯಲ್‌ನಲ್ಲಿ ಇವರು ಮಾಡಿದ ಪಾತ್ರ ಇರಬೇಕು.

ಮಳೆಕೋಟು:
ನಾದಿನಿ ಅಂತ ಒಂದೇ ಮಾತಿಗೆ ಮುಗಿಸಿಬಿಟ್ಟಿರಲ್ಲ ಮಾರಾಯ್ರೇ. ಸ್ವಲ್ಪ ಉದ್ದ ಬರೆಯುತ್ತೇನೆ, ನನಗೀಗ ಬೇರೆ ಕೆಲಸವೂ ಇಲ್ಲ.

ನಾನು ಮದುವೆಯಾಗಿ ಸೋಲಿಹಲ್‌ಗೆ ಬಂದದ್ದು 1976ರ ಡಿಸೆಂಬರ್‌ನಲ್ಲಿ. ಯಜಮಾನರಿಗೆ ಆಸ್ಪತ್ರೆ ಕೆಲಸ, ವಾರದಲ್ಲಿ ಮೂರು ರಾತ್ರಿ ಡ್ಯೂಟಿ. ಮನೆಯಲ್ಲಿ ನಾನು ಮತ್ತು ಬಾಡಿಗೆಗೆ ತಂದ ಟೀವಿ. ಆಗ ಇಲ್ಲಿ ಟೀವಿಯನ್ನೂ ಬಾಡಿಗೆಗೆ ತರುತ್ತಿದ್ದರು. ಬಿಬಿಸಿಯಲ್ಲಿ ಈ ಸೀರಿಯಲ್ ಬರುತ್ತಿತ್ತು. ಕಥೆ ಇಷ್ಟೇ: ಟಾಮ್‌ನ ಕೆಲಸ ಸೀರಿಯಲ್ ಡಬ್ಬಿಯೊಳಗೆ, ಅಂದರೆ ತಿನ್ನುವ ಸೀರಿಯಲ್, ಹಾಕುವ ಪ್ಲಾಸ್ಟಿಕ್ ಆಟಿಕೆಗಳನ್ನು ವಿನ್ಯಾಸ ಮಾಡುವುದು. ನಲವತ್ತು ತುಂಬಿದ ದಿನ ಸಾಕಾಗಿ ಬಿಟ್ಟುಬಿಡುತ್ತಾನೆ. ಅವನೂ ಹೆಂಡತಿ ಬಾರ್ಬರಾಳೂ ಲಂಡನ್ ಪಕ್ಕದ ಸರ್ಬಿಟನ್‌ನಲ್ಲಿ, ದೊಡ್ಡ ಮನುಷ್ಯರ ಬೀದಿಯಲ್ಲೇ, ಹಿತ್ತಲು ಅಗೆದು ತರಕಾರಿ ಬೆಳೆಯುತ್ತಾರೆ. ಹಂದಿ, ಆಡು, ಕೋಳಿ ಎಲ್ಲ ಸಾಕುತ್ತಾರೆ. ಪಕ್ಕದ ಮನೆಯ ಮಾರ್ಗೊಗೆ ಮರ್ಯಾದೆ ಹೋದಂತಾಗುತ್ತದೆ. ಅದಕ್ಕೇ ತಾಯಿ, ಆ ಅಜ್ಜಿ ನಿಮ್ಮನ್ನು ಬಾರ್ಬರಾ ಅಂದದ್ದು. ಇಲ್ಲಿಯವರ ಬಾಯಲ್ಲಿ ಅದು ಪ್ರೀತಿಯ ಮಾತೇ, ಧೈರ್ಯವಾಗಿರಿ.

ನನಗೆ ಆಗ ಅವರ ಜೋಕು ಅರ್ಧವೂ ತಿಳಿಯುತ್ತಿರಲಿಲ್ಲ. ಟೀವಿಯಲ್ಲಿ ಜನ ನಕ್ಕಾಗ ನಾನೂ ನಗುತ್ತಿದ್ದೆ. ಆದರೆ 1977ರ ಮೇ ತಿಂಗಳಲ್ಲಿ ಒಂದು ಎಪಿಸೋಡ್ ಬಂತು. ಇಬ್ಬರೂ ಹೊರಗಿಂದ ಬರುತ್ತಾರೆ, ಯಾರೋ ಮನೆಗೆ ನುಗ್ಗಿ ಎಲ್ಲ ಹಾಳುಗೆಡವಿದ್ದಾರೆ. ಅಲ್ಲಿಯವರೆಗೆ ಎಂಥದಕ್ಕೂ ನಗುನಗುತ್ತಾ ತೋಳೇರಿಸಿ ನಿಲ್ಲುತ್ತಿದ್ದ ಬಾರ್ಬರಾ ತಡೆದುಕೊಳ್ಳಲಾಗದೆ ಅತ್ತುಬಿಡುತ್ತಾಳೆ. ಕಾಮಿಡಿ ಸೀರಿಯಲ್ಲು, ಹಾಗೆ ಅಳಿಸಬಹುದಾ? ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದ ಯಜಮಾನರಿಗೆ ಕಾಫಿ ಕೊಡುತ್ತಾ ಆ ಹುಡುಗಿಯ ಕಥೆ ಹೇಳಿದೆ. ಓಹ್, ಅವಳು ಹುಟ್ಟಿದ್ದು ಇಲ್ಲೇ ಓಲ್ಟನ್‌ನಲ್ಲಿ ಅಂದರು. ನಮ್ಮ ಮನೆಯಿಂದ ಒಂದು ಬಸ್ಸಿನ ದೂರ.

ಹುಟ್ಟಿದ್ದು ಹೌದು, 1946ರಲ್ಲಿ. ಬೆಳೆದದ್ದು ಪೆಟ್ಟಿಗೆ ಹೊತ್ತು ಊರೂರು ಸುತ್ತುವ ನಾಟಕ ಕಂಪನಿಯಲ್ಲಿ. ಅಪ್ಪ ಜೆಫ್ರಿ, ಅಮ್ಮ ಲಾರಾ ಕಟ್ಟಿದ ಶೇಕ್ಸ್‌ಪಿಯರಾನಾ ಕಂಪನಿ ನಮ್ಮ ದೇಶದ ಶಾಲೆ, ಅರಮನೆ, ಕ್ಲಬ್ ಎಲ್ಲೆಂದರಲ್ಲಿ ಆಡುತ್ತಿತ್ತು. ‘ಗೋಲ್‌ಮಾಲ್’ನ ಮೀಸೆ ಮುದುಕ ಉತ್ಪಲ್ ದತ್ ಕೂಡ ಹಿಂದೆ ಈ ಕಂಪನಿಯಲ್ಲೇ ಬಣ್ಣ ಹಚ್ಚಿದವರು. ಫೆಲಿಸಿಟಿ ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ರಂಗಕ್ಕೆ ಬಂದಾಯಿತು, ಯಾರದೋ ಕಂಕುಳಲ್ಲಿ. ಭಾರತಕ್ಕೆ ಬಂದದ್ದು ಏಳನೇ ವಯಸ್ಸಿಗೆ. ಕಂಪನಿ ಹೋದಲ್ಲಿ ಮಗಳೂ ಹೋಗಬೇಕಲ್ಲ, ಹಾಗಾಗಿ ಆರು ಕಾನ್ವೆಂಟು ಬದಲಾಯಿತು. ಹದಿನೇಳಕ್ಕೆ ಕಲ್ಕತ್ತೆಯಲ್ಲಿ ಟೈಫಾಯ್ಡ್. ನಮ್ಮ ಗುಬ್ಬಿ ಕಂಪನಿಯ ಮಕ್ಕಳ ಕಥೆ ಕೇಳಿದವರಿಗೆ ಇದೆಲ್ಲ ಹೊಸದೇನಲ್ಲ ಅಲ್ವಾ?

ಹಳೇರೇಡಿಯೋ ಹೇಳಿದ ಚಿತ್ರದಲ್ಲಿ ಹೆಚ್ಚುಕಡಿಮೆ ಅವರ ಮನೆಯದೇ ಕಥೆ. ಹಿಂದಿ ಸಿನಿಮಾ ಮುಂದೆ ಸೋಲುತ್ತಿರುವ ಇಂಗ್ಲಿಷ್ ನಾಟಕ ಕಂಪನಿ. ಅಪ್ಪ ಅಮ್ಮನ ಪಾತ್ರ ಮಾಡಿದ್ದು ಹೆತ್ತ ಅಪ್ಪ ಅಮ್ಮನೇ. ಕೊನೆಗೆ ಮಗಳನ್ನು ಇಂಗ್ಲೆಂಡಿಗೆ ಹಡಗು ಹತ್ತಿಸುತ್ತಾರೆ. ನಿಜದಲ್ಲೂ ಈಕೆ ಹೊರಟೇಬಿಟ್ಟರು. ಆದರೆ ಅಪ್ಪನಿಗೆ ಅದು ಇಷ್ಟವಿರಲಿಲ್ಲ.

ಲಂಡನ್ನಿನಲ್ಲಿ ಯಾರೂ ಕೆಂಪು ಹಾಸು ಹಾಸಲಿಲ್ಲ. 1967ರಲ್ಲಿ ಅಲ್ಲಿ ಮೊದಲ ನಾಟಕ, ಟೀವಿಯಲ್ಲಿ ಸಣ್ಣಪುಟ್ಟ ಪಾತ್ರ. 1974ರಲ್ಲಿ ಗ್ರೀನಿಚ್‌ನಲ್ಲಿ ಪೆನಲೋಪಿ ಕೀತ್ ಜೊತೆ ನಾಟಕ ಮಾಡುತ್ತಿದ್ದಾಗ ನಟ ರಿಚರ್ಡ್ ಬ್ರಯರ್ಸ್ ಕಣ್ಣಿಗೆ ಇಬ್ಬರೂ ಬಿದ್ದರು. ಮಾರನೇ ವರ್ಷ ಮೂವರೂ ಸೀರಿಯಲ್‌ನಲ್ಲಿ: ಬಾರ್ಬರಾ, ಮಾರ್ಗೊ, ಟಾಮ್. 1978ರ ಕೊನೆಯ ಎಪಿಸೋಡ್ ರಾಣಿಯ ಎದುರಿಗೇ ಚಿತ್ರೀಕರಣವಾಯಿತು.

ಆಮೇಲೆ ಪತ್ರಿಕೆಯವರಿಗೆ ಆಕೆಯ ಗುಂಗುರು ಕೂದಲು, ಮಣ್ಣು ಮೆತ್ತಿದ ಡಂಗ್ರೀಸ್ ಇವಷ್ಟೇ ಬೇಕಾದವು. 1981ರಲ್ಲಿ ‘ವರ್ಷದ ಹಿಂಭಾಗ’ (ರಿಯರ್ ಆಫ್ ದ ಇಯರ್, ಅಂದರೆ ಅಂದದ ನಿತಂಬಕ್ಕೆ) ಅಂತ ಒಂದು ಪ್ರಶಸ್ತಿ ಬೇರೆ! ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅದೇ ವರ್ಷ ನಾಟಕಕಾರ ಟಾಮ್ ಸ್ಟಾಪರ್ಡ್ ಅವರ ನಾಟಕಗಳು ಶುರುವಾದವು. 1995ರಲ್ಲಿ ‘ಇಂಡಿಯನ್ ಇಂಕ್’. 1930ರಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ಕವಯತ್ರಿಯ ಪಾತ್ರ. ಅದಕ್ಕೂ ಮೊದಲು 1991ರಲ್ಲಿ ಅದು ರೇಡಿಯೋ ನಾಟಕವಾಗಿ ಬಂದಿತ್ತು, ಅದರಲ್ಲೂ ಇವರೇ. ಆ ಸ್ವಲ್ಪ ಒಡಕು ದನಿ ರೇಡಿಯೋಗೆ ಹೇಳಿ ಮಾಡಿಸಿದ ಹಾಗಿತ್ತು.

ಅಕ್ಕ ಜೆನಿಫರ್ 1984ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಪ್ಪ ಪಾರ್ಶ್ವವಾಯು ಬಡಿದು ಮಲಗಿದ್ದಾಗ ಮಂಚದ ಪಕ್ಕ ಕೂತು ನೆನಪು ಮಾಡಿಕೊಂಡದ್ದೇ ಇವರ ಆತ್ಮಕಥೆ ‘ವೈಟ್ ಕಾರ್ಗೊ’. ಅದನ್ನು ಓದಿದ ಮೇಲೆ ಬಾರ್ಬರಾಳನ್ನು ಇನ್ನೊಂದು ಸಲ ನೋಡಿ. ಕೈಯಲ್ಲಿ ಕಾಸಿಲ್ಲದಿದ್ದರೂ ಸಂಜೆಗೆ ಏನೋ ಒಂದು ಮಾಡಿದರಾಯಿತು ಅನ್ನೋ ಆ ಮುಖ ಇದೆಯಲ್ಲ, ಅದನ್ನು ಬರೀ ನಟನೆ ಅಂತ ನಾನು ಒಪ್ಪುವುದಿಲ್ಲ.

ಹಳೇರೇಡಿಯೋ:
ತಪ್ಪಾಯ್ತು ಅಮ್ಮಾ. ಉತ್ಪಲ್ ದತ್ ವಿಷಯ ನನಗೆ ಗೊತ್ತೇ ಇರಲಿಲ್ಲ.

ಹಿತ್ತಲಗಿಡ:
ಅಮ್ಮಾ, ತುಂಬಾ ಥ್ಯಾಂಕ್ಸ್. ಹಾಗಾದರೆ ಆ ಅಳುವ ಎಪಿಸೋಡೇ ಮೊದಲು ನೋಡಲಾ?

ಮಳೆಕೋಟು:
ಬೇಡ ಬೇಡ. ಮೊದಲಿಂದ ನೋಡಿ, ಅದು ಕೊನೆಗೆ ಬರಲಿ. ತೋಟ ಇಷ್ಟವಾದರೆ 2003ರ ‘ರೋಸ್‌ಮರಿ ಅಂಡ್ ಥೈಮ್’ ಇದೆ. ಪ್ಯಾಮ್ ಫೆರಿಸ್ ಮತ್ತು ಇವರು ತೋಟ ಕೆಲಸಕ್ಕೆ ಹೋದಲ್ಲೆಲ್ಲ ಒಂದು ಕೊಲೆ. ಕಥೆ ಸಾಧಾರಣ, ಗಿಡಗಳು ಚೆಂದ.

ಹಿತ್ತಲಗಿಡ:
ಇವತ್ತು ಅಜ್ಜಿಗೆ ಒಂದು ಕಟ್ಟು ಮೆಂತ್ಯ ಕೊಟ್ಟೆ. ಮೂಸಿ ನೋಡಿ, ಇದನ್ನು ಬೇಯಿಸಬೇಕಾ ಹಸಿ ತಿನ್ನಬೇಕಾ ಅಂತ ಕೇಳಿದರು. ಸೀರಿಯಲ್‌ನ ಡಿವಿಡಿ ಅವರ ಹತ್ತಿರವೇ ಇದೆಯಂತೆ. ಶನಿವಾರ ಕರೆದಿದ್ದಾರೆ.

ಮಳೆಕೋಟು:
ಹೋಗಿ ಬನ್ನಿ. ಅಂದಹಾಗೆ ಮೆಂತ್ಯ ಯಾವಾಗ ಬಿತ್ತಿದಿರಿ? ನನ್ನದು ಈ ಸಲವೂ ಚಳಿಗೆ ಹೋಯಿತು.